ಮರೆವ್ವನ ಸಾಲು

ಎರಡನೆಯ ದಿನ ಮಧ್ಯಾಹ್ನ ನಾನು ನನ್ನ ಅವ್ವನನ್ನು ಹಿಡಿದುಕೊಟ್ಟೆ. ಪೊಲೀಸರಿಗಲ್ಲ. ಹಳದಿ ಚೀಟಿ ಅಂಟಿಸಿದ ಒಂದು ಗೋಡೆಗೆ. ಹಿಡಿದುಕೊಡುವಾಗ ನಗುತ್ತಿದ್ದೆ. ಸುತ್ತಲಿನವರೂ ನಕ್ಕರು. ಅವರು ನಕ್ಕರೆಂದೇ ಇನ್ನಷ್ಟು ಹಿಡಿದುಕೊಟ್ಟೆ.

ನಾನು ಸಿದ್ಧಲಿಂಗ. ಸಂಶಿಯ ಕೆಳಗಿನ ಓಣಿಯವನು. ಬಿ.ಎ. ಮುಗಿಸಿ ಮೂರು ವರ್ಷವಾಯಿತು. ಬಿ.ಎ. ಅಂದರೆ 'ಬರೇ ಅಲಿಯಾಂವ' ಎಂದು ಓಣಿಯವರಿಗೆ ನಾನೇ ಬಿಡಿಸಿ ಹೇಳಿದ್ದೇನೆ. ಕಾಲೇಜಿನ ಗ್ಯಾದರಿಂಗಿನಲ್ಲಿ ಮಿಮಿಕ್ರಿಗೆ ಮೂರೂ ವರ್ಷ ಮೊದಲ ಬಹುಮಾನ. ಪ್ರಿನ್ಸಿಪಾಲರ ಕೆಮ್ಮು, ಕುಂದಗೋಳ ಬಸ್ಸಿನ ಕಂಡಕ್ಟರನ ಸೀಟಿ, ಗುಡಗೇರಿ ಸ್ಟೇಷನ್ನಿನ ಅನೌನ್ಸ್‌ಮೆಂಟು. ಯಾವ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಗಂಟಲಿಗೆ ಬಂದು ಕೂಡುತ್ತದೆ. ಈ ಕಸುಬಿಗೆ ಊರಲ್ಲಿ ಕೆಲಸವಿರಲಿಲ್ಲ. ಆಗಸ್ಟಿನಲ್ಲಿ ಸಿಕ್ಕಿತು.

ಸಂಗನಬಸವ ಸಾವ್ಕಾರರು ಬೆಂಗಳೂರಿನ ಒಂದು ಕಂಪನಿಯನ್ನು ಊರಿಗೆ ಕರೆಸಿದ್ದರು. ಊರಿನ ಅರ್ಧ ಮೆಣಸಿನಕಾಯಿ ಹೊಲ ಅವರದೇ. ಅವರ ಗೋದಾಮಿನ ಮೇಲಿನ ಹಾಲಿನಲ್ಲಿ ಐದು ದಿನದ 'ಡಿಸೈನ್ ಸ್ಪ್ರಿಂಟ್'. ಸೋಮವಾರ ಒಂದು ಸಮಸ್ಯೆ ಹುಡುಕುವುದು, ಶುಕ್ರವಾರದೊಳಗೆ ಅದಕ್ಕೊಂದು ಆ್ಯಪ್ ಕಟ್ಟಿ ಮಂದಿಯ ಕೈಗೆ ಕೊಟ್ಟು ನೋಡುವುದು. ಸ್ಪ್ರಿಂಟ್ ಅಂದರೆ ಓಟ. ಐದು ದಿನ ಕುರ್ಚಿಯಿಂದ ಏಳದೆ ಓಡಿದರು. ಆ್ಯಪಿನ ಹೆಸರು ಮೊದಲೇ ನಿಶ್ಚಯವಾಗಿತ್ತು: 'ನಮ್ಮ ಆಳು'. ಹೊಲಕ್ಕೆ ಕೂಲಿಯವರನ್ನು ಫೋನಿನಿಂದಲೇ ಕರೆಯುವ, ಫೋನಿನಿಂದಲೇ ಅಳೆಯುವ ಆ್ಯಪು. ನಮ್ಮನ್ನು ಆಳು ಎಂದು ನಾವು ಸಾವ್ಕಾರರಿಗೆ ಹೇಳಿದಂತೆಯೂ ಕೇಳುತ್ತದೆ ಎಂದು ನಾನು ಅಂದೆ. ಯಾರೂ ನಗಲಿಲ್ಲ.

ತಂಡ ನಡೆಸುತ್ತಿದ್ದವರು ಶಾಂಭವಿ ಮೇಡಂ. ಮೂವತ್ತು ದಾಟಿರಲಿಕ್ಕಿಲ್ಲ. ಮಾತಿಗೊಮ್ಮೆ 'ಸೂಪರ್' ಅನ್ನುತ್ತಿದ್ದರು. ಕೋಡ್ ಬರೆಯಲು ಹೇಮಂತ ಎಂಬವನಿದ್ದ, ಚಿತ್ರ ಬರೆಯಲು ಇನ್ನಿಬ್ಬರು.

"ಸಿದ್ದು, ನೀವು ಲೋಕಲ್, ಎಜುಕೇಟೆಡ್ ಬೇರೆ. ನಮಗೂ ಆ ಹೆಂಗಸರಿಗೂ ನಡುವೆ ನೀವೊಂದು ಬ್ರಿಡ್ಜ್ ಆಗ್ಬೇಕು," ಅಂದರು.

ಬ್ರಿಡ್ಜ್ ಅಂದರೆ ತುಳಿದುಕೊಂಡು ದಾಟುವುದು ಎಂದು ಆಗ ನನಗೆ ಹೊಳೆಯಲಿಲ್ಲ. ಹಿಗ್ಗಿದೆ. ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದೆ. ಬಿಳಿ ಬೋರ್ಡನ್ನು ಹೆಗಲ ಮೇಲೆ ಹೊತ್ತು ಇಪ್ಪತ್ತೆರಡು ಮೆಟ್ಟಿಲು ಏರಿಸಿದೆ. ನೀರಿನ ಕ್ಯಾನು ಏರಿಸಿದೆ. ಕುರ್ಚಿ ಏರಿಸಿದೆ. ಊಟದ ಹೊತ್ತಿಗೆ ಸಾವ್ಕಾರರ ಮನೆಯಿಂದ ಜೋಳದ ರೊಟ್ಟಿ, ಎಣಗಾಯಿ ಪಲ್ಯ ಬಂತು. ನಾನು ತಾಟು ಹಿಡಿದು ಮೇಜಿನ ಹತ್ತಿರ ಹೋದೆ.

"ತಮ್ಮಾ, ನೀ ಹೊರಗ ಗ್ಯಾಲರಿಗೆ ಕುಂತು ಉಣ್ಣು. ಇಲ್ಲಿ ಕುರ್ಚಿ ಸಾಲಂಗಿಲ್ಲ," ಅಂದರು ಸಾವ್ಕಾರರು. ಬಾಯಿತುಂಬ 'ತಮ್ಮಾ' ಅಂದರು.

ಎರಡು ಕುರ್ಚಿ ಖಾಲಿ ಇದ್ದವು. ಒಂದರ ಮೇಲೆ ಮೇಡಂ ಅವರ ಬ್ಯಾಗು. ಇನ್ನೊಂದರ ಮೇಲೆ ಹೇಮಂತನ ಬ್ಯಾಗು. ಬ್ಯಾಗುಗಳು ಕೂತವು. ನಾನು ಗ್ಯಾಲರಿಯ ನೆಲದ ಮೇಲೆ ಕೂತೆ. ಬ್ಯಾಗಿಗೆ ಜಾತಿ ಇಲ್ಲವಲ್ಲ ಎಂದು ನನ್ನಷ್ಟಕ್ಕೆ ನಾನೇ ಜೋಕು ಮಾಡಿಕೊಂಡು ರೊಟ್ಟಿ ಮುರಿದೆ. ಇದು ನನ್ನ ರೋಗ. ಹೊಡೆತ ಬಿದ್ದ ಕಡೆ ಒಂದು ಜೋಕು ಹಚ್ಚುತ್ತೇನೆ.

ಮಂಗಳವಾರ ಹೊಲಕ್ಕೆ ಹೋಗಿ ಕೂಲಿ ಹೆಣ್ಣುಮಕ್ಕಳನ್ನು ಮಾತಾಡಿಸಬೇಕಿತ್ತು. ಹಿಂದಿನ ದಿನ ಮಳೆಯಾಗಿತ್ತು. ನಮ್ಮದು ಎರೆ ಮಣ್ಣು. ಮಳೆ ಬಿದ್ದರೆ ಹೆಜ್ಜೆಗೆ ಒಂದು ಸೇರು ಕಾಲಿಗೆ ಅಂಟುತ್ತದೆ. ಮೇಡಂ ಬದುವಿನ ತನಕ ಬಂದರು, ಬೂಟು ನೋಡಿಕೊಂಡರು, ಗಾಡಿ ತಿರುಗಿಸಿದರು.

"ಸಿದ್ದು, ನೀವು ಮಿಮಿಕ್ರಿ ಮಾಡ್ತೀರಂತಲ್ಲ. ನೀವೇ ಅವರ ಥರ ಮಾತಾಡಿ. ನಾವು ಪ್ರಶ್ನೆ ಕೇಳ್ತೀವಿ. ರೋಲ್‌ಪ್ಲೇ!"

ಮಾಡಿದೆ. ಫೋನು ರೆಕಾರ್ಡಿಗೆ ಇಟ್ಟರು, ಅಂದದ್ದನ್ನೆಲ್ಲ ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಮೊದಲು ಗುಂಪು ಕಟ್ಟಿಕೊಂಡು ಕೆಲಸಕ್ಕೆ ಹೋಗುವ ರಜಿಯಾಬಿಯ ದನಿ. ಆಮೇಲೆ ಹಸನಬಿ, ಜುಲೇಖಾಬಿ, ಬಾಜು ಮನೆಯ ಗಂಗಾ. ಒಬ್ಬೊಬ್ಬರಿಗೂ ಚಪ್ಪಾಳೆ. ಗ್ಯಾಲರಿಯಲ್ಲಿ ಉಂಡವನನ್ನು ಈಗ ಮೇಜಿನ ನಡುವೆ ನಿಲ್ಲಿಸಿದ್ದರು. ತಲೆ ತಿರುಗಿತು. ಕೊನೆಗೆ ನಮ್ಮವ್ವ ಮರೆವ್ವನನ್ನು ತೆಗೆದೆ. ಮೊಣಕಾಲ ಮೇಲೆ ಕೈಯೂರಿ, ಸೊಂಟ ಹಿಡಿದು, ಆಕೆಯ ಸೀಳು ದನಿಯಲ್ಲಿ:

"ನನ್ನ ಮಣಕಾಲಾ? ಅವು ಮಣಕಾಲಲ್ರಿ ಯವ್ವಾ, ಹಳೀ ಬಾಗಲಾ. ಕುಂತ್ರ ಒಮ್ಮಿ ಕಿರ್, ಎದ್ರ ಒಮ್ಮಿ ಕಿರ್. ನನ್ನ ಸಾಲು ನಾ ಎಲ್ಲಿ ತಗೀತೇನ್ರಿ? ಈ ಕಡೆ ಗಂಗಾ ಎಳಕೋತಾಳ, ಆ ಕಡೆ ರಜಿಯಾಬಿ ಎಳಕೋತಾಳ. ನಾ ನಡುವ ಕುಂತು ಹಾಡು ಹೇಳತೇನಿ. ಸಾವ್ಕಾರ ಬದುವಿನ ಮ್ಯಾಲ ನಿಂತು, ಆಹಾ, ಸಾಲು ಎಷ್ಟ ನೆಟ್ಟಗೈತಿ ಅಂತ ಮೀಸಿ ತಿರವ್ತಾನ!"

ಹೇಮಂತ ಮೇಜು ಬಡಿದು ನಕ್ಕ. ಮೇಡಂ ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ಸಾವ್ಕಾರರು ನಿಂತಿದ್ದರು. ಅವರು ನಗಲಿಲ್ಲ.

"ಖರೇನಲೇ ಇದು?"

ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. "ಖರೇ ರೀ," ಅಂದುಬಿಟ್ಟೆ.

ಸಾಲು ಎಳೆದುಕೊಳ್ಳುವುದು ಅಂದರೆ ಏನೆಂದು ಹೇಳಬೇಕು. ಮೆಣಸಿನ ಹೊಲದಲ್ಲಿ ಕಸ ತೆಗೆಯುವಾಗ ಹನ್ನೊಂದು ಹೆಣ್ಣುಮಕ್ಕಳು ಅಡ್ಡಕ್ಕೆ ಕುಕ್ಕರಗಾಲಲ್ಲಿ ಕೂಡುತ್ತಾರೆ. ಒಬ್ಬೊಬ್ಬರಿಗೆ ಒಂದು ಸಾಲು. ಕುರ್ಪಿ ಆಡಿಸುತ್ತ ಕೂತಲ್ಲಿಂದಲೇ ಮುಂದೆ ಸರಿಯುತ್ತಾರೆ. ಬೆಳಿಗ್ಗೆಯಿಂದ ಸಂಜೆ ತನಕ. ಯಾರಾದರೂ ಹಿಂದೆ ಬಿದ್ದರೆ ಎಡಬಲದವರು ಮಾತಾಡದೆ ಕೈ ಚಾಚಿ ಆಕೆಯ ಸಾಲಿನದು ಒಂದೊಂದು ಗೇಣು ತೆಗೆದು ಕೊಡುತ್ತಾರೆ. ಬದುವಿನಿಂದ ನೋಡಿದವರಿಗೆ ಹನ್ನೊಂದು ತಲೆ ಒಂದೇ ಗೆರೆಯಲ್ಲಿ ಕಾಣುತ್ತವೆ. ಬಸುರಿಗೆ ಎಳೆಯುತ್ತಾರೆ. ಜ್ವರ ಬಂದವಳಿಗೆ ಎಳೆಯುತ್ತಾರೆ. ಹೊಸದಾಗಿ ಗಂಡನ ಮನೆಗೆ ಬಂದ ಸೊಸೆಗೆ ಎಳೆಯುತ್ತಾರೆ. ಅವ್ವ ಮೂವತ್ತು ವರ್ಷ ಮಂದಿಯ ಸಾಲು ಎಳೆದಳು. ಎರಡು ವರ್ಷದಿಂದ ಆಕೆಯದನ್ನು ಎಳೆಯುತ್ತಿದ್ದಾರೆ. ಇದನ್ನು ಹೊಲದ ಧಣಿಗಳ ಮುಂದೆ ಯಾವ ಹೆಣ್ಣುಮಗಳೂ ಬಾಯಿಬಿಟ್ಟಿಲ್ಲ. ನಮ್ಮಜ್ಜಿ ಬಿಟ್ಟಿಲ್ಲ, ಅವಳಜ್ಜಿ ಬಿಟ್ಟಿಲ್ಲ. ಬಿ.ಎ. ಓದಿದ ನಾನು ಬಿಟ್ಟೆ.

ಬುಧವಾರ ಬೋರ್ಡಿನ ತುದಿಗೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: 'ಕಳ್ಳ ಸಾಲನ್ನು ಪತ್ತೆ ಹಚ್ಚುವುದು ಹೇಗೆ?' ಅದರ ಕೆಳಗೆ ಇನ್ನೂ ಆರು ಸಮಸ್ಯೆ. ಯಾವುದನ್ನು ಹಿಡಿಯಬೇಕು ಎಂದು ಆರಿಸಲು ಎಲ್ಲರಿಗೂ ಮೂರು ಮೂರು ಕೆಂಪು ಚುಕ್ಕೆ ಹಂಚಿದರು. ಅಂಟಿಸುವ ಚುಕ್ಕೆ, ಹಣೆಯ ಟಿಕಳಿಯಷ್ಟು. ನಾನೂ ಕೈ ಒಡ್ಡಿದೆ.

"ನಿಮಗೆ ಬೇಡ ಸಿದ್ದು," ಅಂದರು ಮೇಡಂ. "ನೀವು ಬಳಕೆದಾರರ ಕಡೆಯವರು. ನೀವು ವೋಟ್ ಹಾಕಿದ್ರೆ ಬಯಾಸ್ ಆಗತ್ತೆ."

"ಮತ್ತ ಸಾವ್ಕಾರ್ರು?"

"ಅವರು ಡಿಸೈಡರ್. ಅವರದು ದೊಡ್ಡ ಚುಕ್ಕೆ."

ಸಾವ್ಕಾರರು ದೊಡ್ಡ ಚುಕ್ಕೆಯನ್ನು ಕಳ್ಳ ಸಾಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿದರು. ಉಳಿದವರೂ ಅಲ್ಲಿಗೇ ಒತ್ತಿದರು. ಚಾಚಿದ ನನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಚಹಾದ ಕಪ್ಪು ಎತ್ತಿಕೊಂಡೆ. ಎತ್ತಿದೆನಲ್ಲ ಎಂದು ತೊಳೆಯಲು ಕಳಿಸಿದರು.

"ಮೇಡಂ, ಅದು ಕಳ್ಳತನ ಅಲ್ಲ," ಅಂದೆ, ಕಪ್ಪು ತೊಳೆದು ತಂದ ಮೇಲೆ. "ಸಾಲಿನಾಗ ಕಸ ಉಳಿಯಂಗಿಲ್ಲ. ಇಡೀ ಹೊಲ ಸ್ವಚ್ಛ ಆಗತೈತಿ. ಸಾವ್ಕಾರ್ರಿಗೇನು ಲುಕ್ಸಾನು?"

"ಏ, ನಿನ್ನಿ ನೀನ ಹೇಳಿದೆಲ್ಲೋ, ನಡುವ ಕುಂತು ಹಾಡು ಹೇಳ್ತಾಳಂತ," ಅಂದರು ಸಾವ್ಕಾರರು. "ಹಾಡು ಕೇಳಾಕ ರೇಡಿಯೋ ಐತಿ ನಮ್ಮನ್ಯಾಗ. ಕೆಲಸ ಮಾಡಿದಾಕಿಗೆ ಕೆಲಸ. ಮಾಡದಾಕಿ ಮನ್ಯಾಗ ಇರಬೇಕು."

ಮನೆ ಅಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಅವ್ವ ಹೊಲಕ್ಕೆ ಹೋಗದ ದಿನ ನಮ್ಮ ಮನೆಯ ಒಲೆ ಬಾಜು ಮನೆಯ ಒಲೆಯ ಮುಖ ನೋಡುತ್ತದೆ.

ಅಂದು ಸಂಜೆ ಅವ್ವ ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಏನ್ ಮಾಡ್ತಾರೋ ಅಲ್ಲಿ, ಐದೈದು ದಿನ?"

ಹೇಳಬೇಕಿತ್ತು. ಶಾಂಭವಿ ಮೇಡಂ ಅವರ 'ಸೂಪರ್ ಸಿದ್ದು, ಸೂಪರ್!' ಎಂಬುದನ್ನು ಮಾಡಿ ತೋರಿಸಿದೆ. ಅವ್ವ ನಕ್ಕು ನಕ್ಕು ಎಣ್ಣೆ ಬಟ್ಟಲು ಉರುಳಿಸಿದಳು. "ಹುಚ್ಚ ಮೂಳ," ಅಂದಳು. ನಾನು ಹೇಳಲಿಲ್ಲ. ಗುರುವಾರವೂ ಹೇಳಲಿಲ್ಲ.

ಶುಕ್ರವಾರ ಪರೀಕ್ಷೆ. ಸಾವ್ಕಾರರ ಮೆಣಸಿನ ಹೊಲ. ಮುಗಿಲು ಪಡುವಣದಲ್ಲಿ ಕಪ್ಪಗೆ ಕಟ್ಟಿತ್ತು. ಮಳೆಗೆ ಮೊದಲು ಕಸ ತೆಗೆದು ಮುಗಿಸದಿದ್ದರೆ ಮತ್ತೆ ಮೂರು ದಿನ ಹೊಲಕ್ಕೆ ಕಾಲಿಡಲಾಗದು, ಕಸ ಗಿಡವನ್ನು ನುಂಗುತ್ತದೆ. ಬದುವಿನ ಮೇಲೆ ಒಂದು ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಕ್ಯಾಮೆರಾ ಇದ್ದ ಟ್ಯಾಬು. ಅದರೊಳಗೆ ಬೆಂಗಳೂರಿನ ಮೂವರು, ಈ ಆ್ಯಪಿಗೆ ಬಂಡವಾಳ ಹಾಕುವವರು, ಕೂತಲ್ಲಿಂದಲೇ ನೋಡುತ್ತಿದ್ದರು.

ಹನ್ನೊಂದು ಹೆಣ್ಣುಮಕ್ಕಳು ಟಂಟಂ ಗಾಡಿಯಿಂದ ಇಳಿದರು. ಫೋನು ಇದ್ದದ್ದು ಐದು. ಯಾರಿಗೆ ಕಟ್ಟಬೇಕೆಂದು ಸಾವ್ಕಾರರು ಬೆರಳು ಮಾಡಿದರು. ರಜಿಯಾಬಿ, ಹಸನಬಿ, ಜುಲೇಖಾಬಿ, ಗಂಗಾ, ಅವ್ವ. ಮೇಡಂ ಒಬ್ಬೊಬ್ಬರ ಸೊಂಟಕ್ಕೆ ಫೋನಿಟ್ಟ ಒಂದು ಚೀಲ ಬಿಗಿದರು. ದನಕ್ಕೆ ಗಂಟೆ ಕಟ್ಟುವ ಹಾಗೆ.

"ಯಾರು ಎಷ್ಟು ಮುಂದೆ ಸರಿದ್ರು ಅಂತ ಇದು ತೋರಿಸತ್ತೆ. ಮೊದಲು ಒಂದು ಚಿಕ್ಕ ವಿಡಿಯೋ ನೋಡಿ. ನಿಮ್ಮವರದೇ ಕಥೆ!" ಅಂದರು.

ವಿಡಿಯೋದಲ್ಲಿ ನರೆತ ತಲೆಯ ಒಂದು ಮುದುಕಿಯ ಚಿತ್ರ. ಅದು ಬಾಯಿ ತೆರೆಯಿತು.

"ನನ್ನ ಸಾಲು ನಾ ಎಲ್ಲಿ ತಗೀತೇನ್ರಿ? ಈ ಕಡೆ ಗಂಗಾ ಎಳಕೋತಾಳ, ಆ ಕಡೆ ರಜಿಯಾಬಿ ಎಳಕೋತಾಳ..."

ಇದನ್ನು ಸೇರಿಸಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ.

ಹಸನಬಿ ಮೊದಲು ನಕ್ಕಳು. "ಮರೆವ್ವಾ, ನಿಂದ ದನಿ ಬೇ!" ಆಮೇಲೆ ಮಾತು ಅರ್ಥವಾಯಿತು. ನಗೆ ಅರ್ಧಕ್ಕೇ ನಿಂತಿತು. ರಜಿಯಾಬಿ ಅವ್ವನನ್ನು ನೋಡಿದಳು. ಆ ನೋಟದಲ್ಲಿ, ನೀನೇ ಹೇಳಿಬಿಟ್ಟೆಯಾ, ಎಂಬುದಿತ್ತು.

"ನಾ ಅಂದಿಲ್ಲ," ಅಂದಳು ಅವ್ವ. "ದನಿ ನಂದ. ನಾ ಅಂದಿಲ್ಲ ರಜಿಯಾಬಿ, ನನ್ನ ಮಗನ ಆಣಿ."

ಮಗನ ಆಣೆ ಇಡುವಾಗ ಮಗನ ಕಡೆ ನೋಡಿದಳು. ನನ್ನ ಮೋರೆಯಲ್ಲಿ ಎಲ್ಲಾ ಬರೆದಿತ್ತು. ಓದಲು ಬಾರದ ಅವ್ವ ಅದನ್ನು ಪೂರಾ ಓದಿದಳು. ಸೆರಗು ಸೊಂಟಕ್ಕೆ ಸಿಗಿಸಿ ಸಾಲಿಗೆ ಇಳಿದಳು.

"ಕೇಳಿದ್ರಿಲ್ಲೋ," ಅಂದರು ಸಾವ್ಕಾರರು ಬದುವಿನಿಂದ. "ಇವತ್ತ ಯಾರೂ ಇನ್ನೊಬ್ಬಾಕಿ ಸಾಲಿಗೆ ಕೈ ಹಾಕಂಗಿಲ್ಲ. ಹಿಂದ ಬಿದ್ದಾಕಿ ನಾಳಿಂದ ನನ್ನ ಹೊಲಕ್ಕ ಬರಂಗಿಲ್ಲ."

ಕುರ್ಪಿಗಳು ಆಡತೊಡಗಿದವು. ನಾನು ಬದುವಿನ ಮೇಲೆ ನಿಂತಿದ್ದೆ. ಮೂವತ್ತು ವರ್ಷ ಕಸ ತೆಗೆದ ದೇಹವನ್ನು ಮೊದಲ ಸಲ ಒಂಟಿಯಾಗಿ ನೋಡಿದೆ. ಅವ್ವನಿಗೆ ಕುಕ್ಕರಗಾಲಲ್ಲಿ ಕೂಡಲಾಗದು. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಎಡಗೈ ಕೆಸರಿಗೆ ಊರಿ, ಕುಂಡಿ ಎಳೆಯುತ್ತ ಸರಿದಳು. ಹತ್ತು ನಿಮಿಷದಲ್ಲಿ ಎಡಬಲದವರು ಎರಡು ಮಾರು ಮುಂದೆ. ಅರ್ಧ ತಾಸಿಗೆ ಹತ್ತು ಮಾರು. ಆಗ ಆಕೆಯ ಹೊಟ್ಟೆಯ ಮೇಲಿನ ಚೀಲ ಶಾಂಭವಿ ಮೇಡಂ ದನಿಯಲ್ಲಿ ಮಾತಾಡಿತು:

"ನಿಮ್ಮ ವೇಗ ಕಡಿಮೆ ಇದೆ. ದಯವಿಟ್ಟು ಗಮನಿಸಿ."

ಅವ್ವ ಬೆಚ್ಚಿಬಿದ್ದಳು. ಬೇಗ ಬೇಗ ಕುರ್ಪಿ ಹಾಕಿದಳು. ಒಂದು ಮೆಣಸಿನ ಗಿಡಕ್ಕೆ ಪೆಟ್ಟು ಬಿತ್ತು. ಮುರಿದ ಗಿಡವನ್ನು ಮತ್ತೆ ನೆಲಕ್ಕೆ ಚುಚ್ಚಿ ನಿಲ್ಲಿಸಲು ನೋಡಿದಳು.

"ನಿಮ್ಮ ವೇಗ ಕಡಿಮೆ ಇದೆ. ದಯವಿಟ್ಟು ಗಮನಿಸಿ."

ಹೇಮಂತ ಲ್ಯಾಪ್‌ಟಾಪು ನೋಡಿ, "ಪರ್ಫೆಕ್ಟ್ ಆಗಿ ವರ್ಕ್ ಆಗ್ತಿದೆ," ಅಂದ.

ಮುಂದಿದ್ದ ಗಂಗಾ ಹೊರಳಿ ನೋಡಿದಳು. ಕುರ್ಪಿ ನೆಲಕ್ಕೆ ಚುಚ್ಚಿದಳು. ಎದ್ದಳು.

"ರಜಿಯಾಬಿ ಅಕ್ಕಾ, ನಂಗಾಗಂಗಿಲ್ಲ. ಎಂಟ ತಿಂಗಳ ಬಸರಿದ್ದಾಗ ನನ್ನ ಸಾಲು ಎಳದಾಕಿ ಈಕಿ. ಎದಿಗೆ ಒದ್ದಂಗಾಗಾಕತ್ತೈತಿ ನಂಗ."

ರಜಿಯಾಬಿ ಒಂದು ಗಳಿಗೆ ಯೋಚಿಸಿದಳು. ಆಕೆಯೂ ಎದ್ದಳು. ಎಲ್ಲರೂ ಎದ್ದರು. ಸಾವ್ಕಾರರು ಕೂಗುವ ಮೊದಲೇ ಹತ್ತೂ ಮಂದಿ ಹಿಂದೆ ನಡೆದು ಬಂದು ಅವ್ವನ ಎಡಬಲಕ್ಕೆ, ತಮ್ಮ ತಮ್ಮ ಸಾಲಿನಲ್ಲೇ ಕೂತರು. ಗೆರೆ ನೆಟ್ಟಗಾಯಿತು.

"ಏ, ಯಾಕ ಬಂದ್ರಿ ಹಿಂದ? ಕೈ ಹಾಕಬ್ಯಾಡ್ರಿ ಅಂದೇನಿ!"

"ಹಾಕಿಲ್ರಿ ಸಾವ್ಕಾರ್ರ," ಅಂದಳು ರಜಿಯಾಬಿ. "ಆಕಿ ಸಾಲು ಆಕಿ ತಗೀಲಿ, ನನ್ನ ಸಾಲು ನಾ ತಗೀತೇನಿ. ಆಕಿ ಸರದ್ರ ನಾವು ಸರೀತೇವಿ."

ಅವ್ವ ಒಂದು ಗೇಣು ಸರಿದಳು. ಹತ್ತು ಮಂದಿ ಒಂದು ಗೇಣು ಸರಿದರು. ಆಗಲೇ ಸ್ವಚ್ಛವಾಗಿದ್ದ ತಮ್ಮ ಸಾಲಿನಲ್ಲಿ ಹುಡುಕಿ ಹುಡುಕಿ ಒಂದೊಂದು ಎಸಳು ಹುಲ್ಲು ಕಿತ್ತರು. ಅವ್ವ ಕಾಲು ಚಾಚಿ ದಣಿವಾರಿಸಿಕೊಂಡಳು. ಎಲ್ಲರೂ ಕಾಲು ಚಾಚಿದರು. ಐದು ಸೊಂಟದಿಂದ ಐದು ದನಿ ಒಟ್ಟಿಗೇ ಕೂಗಿದವು: ನಿಮ್ಮ ವೇಗ ಕಡಿಮೆ ಇದೆ, ನಿಮ್ಮ ವೇಗ ಕಡಿಮೆ ಇದೆ, ನಿಮ್ಮ ವೇಗ ಕಡಿಮೆ ಇದೆ. ಜುಲೇಖಾಬಿ ಚೀಲಕ್ಕೆ ಒಂದು ಏಟು ಬಡಿದು, "ಹೌದಬೇ, ಗೊತ್ತೈತಿ, ಸುಮ್ಕಿರು," ಅಂದಳು.

ಸಾವ್ಕಾರರು ಮುಗಿಲು ನೋಡಿದರು. ಹೊಲ ನೋಡಿದರು. ಕಾಲು ಭಾಗವೂ ಆಗಿರಲಿಲ್ಲ.

"ಲೇ ಸಿದ್ಯಾ! ನಿಮ್ಮವ್ವನ ಎಬ್ಬಿಸಿ ತಂದು ಬದುವಿಗೆ ಕುಂದ್ರಸು. ಆಕಿ ಎದ್ರ ಉಳದವ್ರು ಓಡ್ತಾರ. ಹೋಗಲೇ!"

ಇಳಿದೆ. ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಅವ್ವನ ಮುಂದೆ ಕೂತೆ.

"ಯವ್ವಾ, ತಪ್ಪಾತು. ನಿನ್ನ ಸಾಲು ನಾ ತಗೀತೇನಿ, ಕೊಡು."

ಅವ್ವ ತಲೆಯೆತ್ತಲಿಲ್ಲ. ಚೀಲವನ್ನು ಕುರ್ಪಿಯ ತುದಿಯಿಂದ ತೋರಿಸಿದಳು.

"ಸಾಲು ಇರಲಿ. ಮೊದ್ಲ ಆ ಡಬ್ಬ್ಯಾಗಿಂದ ನನ್ನ ಹೊರಗ ತಗಿ."

ಎದ್ದು ಬದುವಿಗೆ ಬಂದೆ. ಮೇಡಂ ಟ್ಯಾಬಿನ ಮುಂದೆ ನಿಂತು ಬೆಂಗಳೂರಿನವರನ್ನು ಸಮಾಧಾನಪಡಿಸುತ್ತಿದ್ದರು. "ಇಲ್ಲ ಸರ್, ಇವತ್ತು ಸ್ವಲ್ಪ ಮೂಡ್ ಸರಿಯಿಲ್ಲ ಅವರದ್ದು. ಆದರೆ ಮಂಗಳವಾರ ನಾವು ಐದು ಜನ ಮಹಿಳೆಯರನ್ನ ಡೀಪ್ ಆಗಿ ಇಂಟರ್‌ವ್ಯೂ ಮಾಡಿದೀವಿ. ಇದು ಅವರೇ ಹೇಳಿಕೊಂಡಿರೋ ಸಮಸ್ಯೆ."

ಅವರೇ ಹೇಳಿಕೊಂಡಿರುವ ಸಮಸ್ಯೆ.

"ಮೇಡಂ, ಆ ರೆಕಾರ್ಡಿಂಗ್ ಅಳಿಸ್ರಿ."

"ಸಿದ್ದು, ಪ್ಲೀಸ್, ಕಾಲ್‌ನಲ್ಲಿದ್ದೀನಿ. ಅದು ಈಗ ಕಂಪನಿಯದು. ನೀವು ಸೈನ್ ಮಾಡಿದೀರಿ."

ನಾನು ಅವರ ಪಕ್ಕದಿಂದ ನುಗ್ಗಿ ಕ್ಯಾಮೆರಾದ ಮುಂದೆ ನಿಂತೆ. ಒಳಗೆ ಮೂರು ಮುಖ. ಒಬ್ಬರು ಏನೋ ತಿನ್ನುತ್ತಿದ್ದರು.

ರಜಿಯಾಬಿಯ ದನಿ ತೆಗೆದೆ. "ಅರೇ ಸಾಬ್, ನಮ್ಮ ಗುಂಪಿನಾಗ ಹನ್ನೊಂದ ಮಂದಿ ಅದೀವಿ ನೋಡ್ರಿ." ಹಸನಬಿಯ ದನಿ ತೆಗೆದೆ. ಜುಲೇಖಾಬಿಯದು ತೆಗೆದೆ. ಗಂಗಾಳದು ತೆಗೆದೆ. ತಿನ್ನುತ್ತಿದ್ದವರ ಬಾಯಿ ನಿಂತಿತು. ಅವ್ವನದು ತೆಗೆಯಲಿಲ್ಲ. ಗಂಟಲಿಗೆ ಬಂದಿತ್ತು, ನುಂಗಿದೆ.

"ನಿಮ್ಮ ಐದು ಹೆಣ್ಮಕ್ಕಳು ನಾನೊಬ್ನ ರೀ," ಅಂದೆ. "ಈ ತಂಡ ಒಬ್ಬಾಕಿನ್ನೂ ಮಾತಾಡ್ಸಿಲ್ಲ. ಬೂಟು ಕೆಸರಾಗ್ತಾವಂತ ಬದುವಿನಿಂದನ ತಿರಿಗಿ ಹೋದ್ರು. ಮರೆವ್ವ ಏನೂ ಅಂದಿಲ್ಲ. ಆಕಿ ಮಗಾ ಚಪ್ಪಾಳಿ ಆಸೆಗೆ ಅಂದಾನ. ಖರೇ ಮರೆವ್ವ ಅಲ್ಲಿ ಕುಂತಾಳ. ಕೇಳೂದಿದ್ರ ಬಂದು ಆಕಿನ್ನ ಕೇಳ್ರಿ. ಇಲ್ಲಾಂದ್ರ ಆಕಿ ದನಿ ಆಕಿಗೆ ಬಿಡ್ರಿ."

"ಶಾಂಭವಿ, ಈ ಹುಡುಗ ಹೇಳ್ತಿರೋದು ನಿಜಾನಾ?" ಎಂದಿತು ಒಂದು ಮುಖ.

ಮೇಡಂ ಮೊದಲ ಸಲ 'ಸೂಪರ್' ಅನ್ನಲಿಲ್ಲ. ಟ್ಯಾಬಿನ ಮೇಲೆ ಕೈ ಮುಚ್ಚಿದರು. ಹೇಮಂತನಿಗೆ ಏನೋ ಅಂದರು. ಅವನು ಲ್ಯಾಪ್‌ಟಾಪಿನಲ್ಲಿ ವಿಡಿಯೋ ಅಳಿಸುವುದನ್ನು ನಾನು ಅವನ ಬೆನ್ನ ಹಿಂದೆ ನಿಂತು ಕೊನೆಯ ತನಕ ನೋಡಿದೆ. ಬೇರೆಲ್ಲಾದರೂ ಒಂದು ನಕಲು ಉಳಿದಿದೆಯೋ, ನನಗೆ ಇಂದಿಗೂ ತಿಳಿಯದು.

ಸಾವ್ಕಾರರು ನನ್ನ ಅಂಗಿಯ ಕೊರಳು ಹಿಡಿದರು. "ಕೆಳಗಿನ ಓಣ್ಯಾಂವ ನೀ, ಮ್ಯಾಲೆ ಹತ್ತಿಸಿದ್ದು ನಂದ ತಪ್ಪು," ಅಂದರು. 'ತಮ್ಮಾ' ಎಲ್ಲಿಗೋ ಹೋಗಿತ್ತು. ನಾನು ಅವರ ಕೈ ಬಿಡಿಸಿದೆ. ಒಂದೊಂದೇ ಬೆರಳು.

ಹನಿ ಬೀಳತೊಡಗಿತು. ಹೆಣ್ಣುಮಕ್ಕಳು ಎದ್ದರು. ಐದು ಚೀಲ ಬಿಚ್ಚಿ ಬದುವಿನ ಮೇಲೆ ಸಾಲಾಗಿ ಇಟ್ಟರು.

"ನಾಳೆ ಮರೆವ್ವನ್ನ ಬಿಟ್ಟು ಬರ್ರಿ," ಎಂದು ಸಾವ್ಕಾರರು ಹಿಂದಿನಿಂದ ಕೂಗಿದರು. "ಉಳದ ಹತ್ತು ಮಂದಿ ಬರ್ರಿ."

"ಮರೆವ್ವ ಇಲ್ಲಾಂದ್ರ ಹತ್ತು ಅಲ್ರಿ," ಅಂದಳು ರಜಿಯಾಬಿ, ಟಂಟಂ ಹತ್ತುತ್ತ. "ಒಬ್ರೂ ಇಲ್ಲ."

ನಾಲ್ಕು ದಿನ ಆ ಹೊಲಕ್ಕೆ ಯಾರೂ ಹೋಗಲಿಲ್ಲ. ಸಾವ್ಕಾರರು ಗುಡಗೇರಿಯ ಗುಂಪುಗಳನ್ನು ಕರೆದು ನೋಡಿದರು, ಅವರಿಗೆ ಅಲ್ಲೇ ಕೆಲಸವಿತ್ತು. ಕಸ ಮೊಣಕಾಲೆತ್ತರ ಬಂತು. ಐದನೆಯ ದಿನ ಬೆಳಿಗ್ಗೆ ಸಾವ್ಕಾರರ ಟಂಟಂ ಓಣಿಯ ಬಾಯಿಗೆ ಬಂದು ನಿಂತಿತು. ಫೋನಿನ ಮಾತಿರಲಿಲ್ಲ. ಮರೆವ್ವನ ಮಾತೂ ಇರಲಿಲ್ಲ. ಹನ್ನೊಂದು ಮಂದಿ ಹತ್ತಿದರು. ನಾನೂ ಕುರ್ಪಿ ಹಿಡಿದು ಹತ್ತಿದೆ. ಯಾರೂ ಬಾ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ.

ನನಗೆ ತುದಿಯ ಸಾಲು ಕೊಟ್ಟರು. ತಾಸಿನೊಳಗೆ ಅಂಗೈ ಬೊಬ್ಬೆ ಎದ್ದು ಒಡೆಯಿತು. ತೊಡೆ ನಡುಗಿತು. ಅವ್ವನ ಸಾಲನ್ನು ಈ ಕಡೆಯಿಂದ ಗಂಗಾ, ಆ ಕಡೆಯಿಂದ ರಜಿಯಾಬಿ ಎಳೆಯುತ್ತಿದ್ದರು. ಈ ಸಲ ಮುಚ್ಚಿ ಅಲ್ಲ. ಸಾವ್ಕಾರರು ಬದುವಿನ ಮೇಲೇ ನಿಂತಿದ್ದರು, ಅವರು ನೋಡುತ್ತಿದ್ದಂತೆಯೇ ಎಳೆದರು. ಅವರು ಬೇರೆ ಕಡೆ ಮುಖ ಮಾಡಿದರು.

ನಾನು ಹಿಂದೆ ಬಿದ್ದೆ. ಎರಡು ಮಾರು. ಹತ್ತು ಮಾರು. ನನ್ನ ಬಾಜೂ ಸಾಲಿನಲ್ಲಿ ಹಸನಬಿ ಇದ್ದಳು. ಕೈ ಚಾಚಿದ್ದರೆ ನನ್ನ ಸಾಲು ಸಿಗುತ್ತಿತ್ತು. ಚಾಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಬೆನ್ನು ದೂರದಲ್ಲಿ ಒಂದೇ ಗೆರೆಯಾಗಿ ಕಾಣುತ್ತಿದ್ದವು. ನಾನೊಬ್ಬನೇ ಹೊಲದ ನಡುವೆ ಕೂತಿದ್ದೆ. ಒಂದು ಜೋಕು ನಾಲಗೆಯ ತುದಿಗೆ ಬಂತು. ಕೇಳುವವರಿರಲಿಲ್ಲ.

ಊಟಕ್ಕೆ ಬದುವಿಗೆ ಹೋಗುತ್ತಿದ್ದ ಅವ್ವ ನನ್ನ ಸಾಲಿನ ಹತ್ತಿರ ಕುಂಟುತ್ತ ನಿಂತಳು. ನಾನು ಬಿಟ್ಟುಬಂದ ಕಡೆ ಬಗ್ಗಿ ನೋಡಿದಳು. ಶುಕ್ರವಾರದಿಂದ ಆಕೆ ನನ್ನೊಡನೆ ಮಾತಾಡಿರಲಿಲ್ಲ.

"ಮ್ಯಾಲೆ ಮ್ಯಾಲೆ ಚಿವುಟೀದಿ," ಅಂದಳು. "ಬೇರು ಹಂಗ ಅದಾವು. ತಿರಿಗಿ ಮೊದಲಿಂದ ತಗಿ."

ಹೋದಳು.

ತಿರುಗಿ ಬದುವಿನ ತನಕ ನಡೆದು, ಮೊದಲ ಗಿಡದ ಹತ್ತಿರ ಕುಕ್ಕರಗಾಲಲ್ಲಿ ಕೂತೆ.